ಕಂಪ್ಯೂಟರ್ ಗಡಿಯಾರ ಸರಿಹೋಗುವುದು ಹೇಗೆ?

ಪ್ರಶ್ನೆ: ಇಂಟರ್‌ನೆಟ್ ಇಲ್ಲದೆ ತಿಂಗಳುಗಟ್ಟಲೆ ಇಟ್ಟ ಕಂಪ್ಯೂಟರಿನ ಗಡಿಯಾರ ಹಿಂದೆ ಬೀಳುತ್ತದೆ, ಸಂಪರ್ಕ ಕೊಟ್ಟರೆ ತಾನಾಗಿಯೇ ಸರಿಹೋಗುತ್ತದೆ. ಹೇಗೆ?

ಉತ್ತರ: ಮದರ್‌ಬೋರ್ಡ್ ಮೇಲಿನ ಪುಟ್ಟ ಕ್ವಾರ್ಟ್ಜ್ ಹರಳೊಂದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಕಂಪ್ಯೂಟರ್ ಆರಿದ್ದಾಗಲೂ ಬಿಲ್ಲೆಯಂಥ ಬ್ಯಾಟರಿಯ ಬಲದಿಂದ ಈ ಕಂಪನಗಳ ಎಣಿಕೆ ನಡೆದೇ ಇರುತ್ತದೆ. ಆದರೆ ಸೆಕೆ, ಚಳಿ, ವಯಸ್ಸು ಹರಳಿನ ಲಯವನ್ನು ತುಸು ಕೆಡಿಸುತ್ತವೆ. ಹತ್ತು ಲಕ್ಷಕ್ಕೆ 20 ಕಂಪನ ತಪ್ಪಿದರೂ ದಿನಕ್ಕೆ ಸುಮಾರು 1.7 ಸೆಕೆಂಡ್, ತಿಂಗಳಿಗೆ 50 ಸೆಕೆಂಡಿನಷ್ಟು ವ್ಯತ್ಯಾಸವಾಗುತ್ತದೆ.

ಇದನ್ನು ತಿದ್ದುವುದು ಎನ್‌ಟಿಪಿ ಎಂಬ ವ್ಯವಸ್ಥೆ. ಅಮೆರಿಕದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ಇದನ್ನು ರೂಪಿಸಿದರು. ನಿಮ್ಮ ಕಂಪ್ಯೂಟರ್ ಸಮಯದ ಸರ್ವರನ್ನು ‘ಗಂಟೆ ಎಷ್ಟು?’ ಎಂದು ಕೇಳುತ್ತದೆ. ಉತ್ತರ ಬರುವಷ್ಟರಲ್ಲಿ ಅದು ಹಳತಾಗಿರುತ್ತದಲ್ಲ! ಹಾಗಾಗಿ ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಒಟ್ಟು ಸಮಯದಿಂದ ಸರ್ವರ್ ತೆಗೆದುಕೊಂಡ ಸಮಯವನ್ನು ಕಳೆದು, ಉಳಿದದ್ದರ ಅರ್ಧವನ್ನು ಉತ್ತರಕ್ಕೆ ಕೂಡಿಸಲಾಗುತ್ತದೆ. ಹೋಗುವ ಬರುವ ದಾರಿಗಳ ವಿಳಂಬ ಸಮನಾಗಿಲ್ಲದಿದ್ದರೆ ಮಾತ್ರ ಚೂರು ತಪ್ಪು ಉಳಿಯುತ್ತದೆ.

ಇಂಥ ಸರ್ವರ್‌ಗಳ ಸಮಯದ ಮೂಲ ಪರಮಾಣು ಗಡಿಯಾರಗಳು. ಭಾರತೀಯ ಕಾಲಮಾನವನ್ನು ಕಾಯುವ ಹೊಣೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು.

ಸೆಟ್ಟಿಂಗ್ಸ್‌ನಲ್ಲಿ ಸ್ವಯಂಚಾಲಿತ ಸಮಯದ ಆಯ್ಕೆ ಆನ್ ಇರಲಿ. ಗಡಿಯಾರ ಸರಿಯಾಗಿ ಅರ್ಧ ಗಂಟೆಯೋ ಕೆಲವು ಗಂಟೆಗಳೋ ತಪ್ಪಿದ್ದರೆ ಟೈಮ್ ಝೋನ್ ನೋಡಿ. ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿದ್ದರೆ ಬ್ಯಾಟರಿ ಬದಲಾಯಿಸಿ.