ಸದ್ದು ಇಳಿಯಬೇಕು, ಆಂಪ್ಲಿಫಯರ್‌ಗೆ ತಿಳಿಯಬಾರದು

ಲಂಡನ್ನಿನ ಜಿಮ್ ಮಾರ್ಷಲ್ 1965ರ ಹೊತ್ತಿಗೆ 100 ವ್ಯಾಟ್‌ನ ವಾಲ್ವ್ ಆಂಪ್ಲಿಫಯರ್ ತಯಾರಿಸಿದ್ದು, ಪೀಟ್ ಟೌನ್‌ಶೆಂಡ್‌ರಂಥ ಗಿಟಾರ್ ವಾದಕರು ಇನ್ನೂ ಜೋರು ಬೇಕೆಂದು ಪಟ್ಟು ಹಿಡಿದಿದ್ದರಿಂದ. ರಾಕ್ ಸಂಗೀತದ ಆ ಗೊಗ್ಗರು ದನಿ ಹುಟ್ಟುವುದು ವಾಲ್ಯೂಮ್ ತಿರುಪು ಕೊನೆ ಮುಟ್ಟಿ, ಔಟ್‌ಪುಟ್ ವಾಲ್ವ್‌ಗಳು ಏದುಸಿರು ಬಿಡುವಾಗ. ಮನೆಯಲ್ಲಿ ಹಾಗೆ ನುಡಿಸಿದರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಬಡಿದದ್ದು ಒಳಗಿದ್ದವರಿಗೆ ಕೇಳಿಸುವುದೂ ಇಲ್ಲ.

ಅಂಥವರಿಗಾಗಿಯೇ ಇರುವುದು ಪವರ್ ಅಟೆನ್ಯುಯೇಟರ್. ಆಂಪ್ಲಿಫಯರ್ ಮತ್ತು ಸ್ಪೀಕರ್ ನಡುವೆ ಕೂರುವ ಈ ಪೆಟ್ಟಿಗೆ ಶಕ್ತಿಯ ಬಹುಪಾಲನ್ನು ಶಾಖವಾಗಿಸಿ, ಮಿಕ್ಕಿದ್ದನ್ನಷ್ಟೇ ಸ್ಪೀಕರ್‌ಗೆ ಬಿಡುತ್ತದೆ. 'ಬಾಸ್ಟನ್' ರಾಕ್ ತಂಡದ ಟಾಮ್ ಶೋಲ್ಜ್ ಇಂಥದ್ದೊಂದನ್ನು 'ಪವರ್ ಸೋಕ್' ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಎಂಐಟಿಯಲ್ಲಿ ಓದಿದ ಎಂಜಿನಿಯರ್ ಅವರು. ನೆಲಮಾಳಿಗೆಯ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುತ್ತಿದ್ದ ಅವರಿಗೆ ಈ ತೊಂದರೆ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಸದ್ದು ತಗ್ಗಿಸುವುದು ಅರ್ಧ ಕೆಲಸ. ತನ್ನೆದುರು ಸ್ಪೀಕರೇ ಇದೆಯೆಂದು ಆಂಪ್ಲಿಫಯರ್ ಅನ್ನು ನಂಬಿಸುವುದು ಉಳಿದರ್ಧ.

ವಾಲ್ವ್‌ಗಳಿಗೆ ಸಾವಿರಾರು ಓಮ್‌ನ ಹೊರೆ ಬೇಕು. ಸ್ಪೀಕರ್‌ನದು 4, 8 ಅಥವಾ 16 ಓಮ್. ಈ ಅಂತರವನ್ನು ತುಂಬುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಸುತ್ತುಗಳ ಅನುಪಾತ 10:1 ಇದ್ದರೆ ಇಂಪಿಡೆನ್ಸ್ (ಓಮ್‌ಗಳಲ್ಲಿ ಅಳೆಯುವ ಈ ಹೊರೆ) ಅದರ ವರ್ಗದಷ್ಟು, ಅಂದರೆ 100 ಪಟ್ಟು ಹಿಗ್ಗಿ, 16 ಓಮ್ ಸ್ಪೀಕರ್ ವಾಲ್ವ್‌ಗಳಿಗೆ 1,600 ಓಮ್ ಆಗಿ ಕಾಣುತ್ತದೆ. ಅದೇ ಜಾಗಕ್ಕೆ 8 ಓಮ್ ಸಿಕ್ಕಿಸಿದರೆ 800. ಆಗ ವಾಲ್ವ್‌ಗಳು ಹೆಚ್ಚು ಕರೆಂಟ್ ಎಳೆದು ಬೇಗ ಸವೆಯುತ್ತವೆ. ಏನನ್ನೂ ಜೋಡಿಸದೆ ನುಡಿಸುವುದಂತೂ ಇನ್ನೂ ಅಪಾಯ. ಏರಿನಲ್ಲಿ ಜೋರಾಗಿ ತುಳಿಯುವಾಗ ಸೈಕಲ್ ಚೈನ್ ಕಳಚಿದರೆ ಕಾಲಿಗಾಗುವ ಗತಿಯೇ ಇಲ್ಲೂ: ವೋಲ್ಟೇಜ್ ಹಠಾತ್ತನೆ ಚಿಮ್ಮಿ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಆದ್ದರಿಂದ ಅಟೆನ್ಯುಯೇಟರ್ 8 ಓಮ್‌ನದಾದರೆ ಆಂಪ್ಲಿಫಯರ್‌ನ ಓಮ್ ಸ್ವಿಚ್ಚೂ 8ರಲ್ಲಿರಬೇಕು. ಸದ್ದನ್ನು ತುಂಬಾ ಇಳಿಸಿದಾಗ ಆಚೆಗಿನ ಸ್ಪೀಕರ್ 16 ಓಮ್‌ನದಾದರೂ ಆಂಪ್ಲಿಫಯರ್‌ಗೆ ಅದು ಹೆಚ್ಚು ಕಾಣಿಸದು. ಎಡವುವುದು ಬೈಪಾಸ್ ಒತ್ತಿದಾಗ: ನಡುವಿನ ಪೆಟ್ಟಿಗೆ ಪಕ್ಕಕ್ಕೆ ಸರಿದು, ಸ್ವಿಚ್ 8ರಲ್ಲೇ ಇರುವ ಆಂಪ್ಲಿಫಯರ್ ನೇರವಾಗಿ 16 ಓಮ್ ಸ್ಪೀಕರ್‌ಗೇ ಜೋಡಣೆಯಾಗುತ್ತದೆ. 100 ವ್ಯಾಟ್‌ನ ಆಂಪ್ಲಿಫಯರ್ ದನಿ ಒಡೆಯುವಷ್ಟು ದುಡಿಯುವಾಗ ಅದಕ್ಕಿಂತ ಹೆಚ್ಚೇ ಶಕ್ತಿ ಹೊರಹಾಕುವುದರಿಂದ, ಸರಿಯಾಗಿ 100 ವ್ಯಾಟ್ ತಾಳುವ ಪೆಟ್ಟಿಗೆ ಕೊಳ್ಳುವುದು ಜಾಣತನವಲ್ಲ. ಜೋಡಣೆಗೆ ಗಿಟಾರಿನ ತೆಳು ಕೇಬಲ್ ಬೇಡ, ಸ್ಪೀಕರ್ ಕೇಬಲ್ಲೇ ಬೇಕು.

ಇಷ್ಟಾದರೂ 8 ಓಮ್ ಎಂಬುದು ಹೆಸರಿಗೆ ಮಾತ್ರ. 8 ಓಮ್‌ನ ಸ್ಪೀಕರ್‌ಗೆ ಮಲ್ಟಿಮೀಟರ್ ಹಿಡಿದರೆ ಆರೇಳು ಓಮ್ ತೋರಿಸುತ್ತದೆ. ಕೆಳಸ್ವರಗಳಲ್ಲಿ, ಅದರ ಸ್ವಂತ ಅನುರಣನದ ಬಳಿ ಇಂಪಿಡೆನ್ಸ್ ಹಲವು ಪಟ್ಟು ಏರುತ್ತದೆ, ಮೇಲಿನ ಸ್ವರಗಳಲ್ಲಿ ಮತ್ತೆ ಹೆಚ್ಚುತ್ತದೆ. ಬರೀ ರೆಸಿಸ್ಟರ್‌ಗಳ ಅಗ್ಗದ ಪೆಟ್ಟಿಗೆಗೆ ಈ ಏರಿಳಿತ ಗೊತ್ತಿಲ್ಲ; ದನಿ ಮಂಕಾಯಿತೆಂಬ ದೂರು ಬರುವುದು ಅಲ್ಲಿಂದಲೇ. ಸುರುಳಿ, ಕೆಪಾಸಿಟರ್‌ಗಳನ್ನು ಸೇರಿಸಿದ 'ರಿಯಾಕ್ಟಿವ್' ಪೆಟ್ಟಿಗೆಗಳು ಅದನ್ನು ಅನುಕರಿಸುತ್ತವೆ, ಬೆಲೆಯೂ ಹಾಗೇ ಏರುತ್ತದೆ.

ಒಂದಿಷ್ಟು ತಪ್ಪು ನಮ್ಮ ಕಿವಿಯದೂ ಹೌದು. 100 ವ್ಯಾಟ್ ಅನ್ನು 10ಕ್ಕೆ ಇಳಿಸಿದರೆ ಕೇಳುಗರಿಗೆ ಸದ್ದು ಹತ್ತನೇ ಒಂದು ಪಾಲಾಗುವುದಿಲ್ಲ, ಸುಮಾರು ಅರ್ಧವಾಗುತ್ತದೆ. ಸದ್ದು ಸಣ್ಣದಾದಷ್ಟೂ ಕಿವಿ ಕೆಳಸ್ವರಗಳಿಗೆ ಮಂದವಾಗುತ್ತದೆ ಎಂಬುದನ್ನು ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು. ಆ ಮಂದತನವನ್ನು ಸರಿಪಡಿಸುವ ರೆಸಿಸ್ಟರ್ ಯಾವ ಪೆಟ್ಟಿಗೆಯಲ್ಲೂ ಇಲ್ಲ.