ಆ ಮುನ್ನೂರು ಮಂದಿಯೂ ನಾನೇ!

‘ಎಲ್ಲಾ ಹಸಿರು ಸರ್, ಒಂದೂ ಎರರ್ ಇಲ್ಲ’ ಎಂದಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೇ ಇತ್ತು. ಬಿಸಿಎ ಮುಗಿಸಿ ಒಂಬತ್ತು ತಿಂಗಳು ನಂಜನಗೂಡಿನ ಮನೆಯಲ್ಲಿ ಕೂತು, ಕೊನೆಗೆ ಮೈಸೂರಿನ ಹೆಬ್ಬಾಳದ ಕಡೆಯ ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ ಟ್ರೈನಿಯಾಗಿ ಸೇರಿದ್ದೆ. ಆರು ತಿಂಗಳ ಪ್ರೊಬೇಷನ್. ಐದು ತಿಂಗಳು ಮುಗಿದಿತ್ತು. ದೊಡ್ಡ ಕ್ಯಾಂಪಸ್‌ಗಳ ಬಸ್ಸುಗಳು ಸಾಲಾಗಿ ಹೋಗುವ ಅದೇ ರಸ್ತೆಯಲ್ಲಿ, ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಒಟ್ಟು ಹನ್ನೊಂದು ಜನ.

ಕೆಲಸ ಇದು: ಒಂದು ಕಾಲೇಜಿನ ಆನ್‌ಲೈನ್ ಪ್ರವೇಶಾತಿ ಅರ್ಜಿಯ ವೆಬ್‌ಸೈಟ್ ನಮ್ಮವರು ಮಾಡಿದ್ದರು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶುರು. ಒಂದೇ ಹೊತ್ತಿಗೆ ಮುನ್ನೂರು ಮಂದಿ ಲಾಗಿನ್ ಆದರೆ ಸರ್ವರ್ ತಡೆಯುತ್ತದಾ ಎಂದು ನಾನು ಪರೀಕ್ಷಿಸಬೇಕಿತ್ತು. ದಸರಾ ಗೋಲ್ಡ್ ಕಾರ್ಡ್ ಆನ್‌ಲೈನ್‌ನಲ್ಲಿ ಬಿಟ್ಟಾಗ ಮೊಬೈಲ್ ಹಿಡಿದು ಕೂತವರಿಗೆ, ಬೆಳಿಗ್ಗೆ ಹತ್ತಕ್ಕೆ ಎಸಿ ಬೋಗಿಯ ತತ್ಕಾಲ್ ಟಿಕೆಟ್‌ಗೆ ಕಾದವರಿಗೆ ಈ ‘ಒಂದೇ ಹೊತ್ತಿಗೆ’ ಎಂದರೆ ಏನೆಂದು ವಿವರಿಸಬೇಕಿಲ್ಲ. ಅಮೆರಿಕದಲ್ಲಿ 2013ರ ಅಕ್ಟೋಬರ್ 1ರಂದು ಅಲ್ಲಿನ ಸರ್ಕಾರ ಆರೋಗ್ಯ ವಿಮೆಗಾಗಿ ಒಂದು ವೆಬ್‌ಸೈಟ್ ಶುರು ಮಾಡಿತು. ಲಕ್ಷಾಂತರ ಜನ ನುಗ್ಗಿದರು. ವಿಮೆಯ ದರ ನೋಡಬೇಕಾದರೂ ಮೊದಲು ಖಾತೆ ತೆರೆಯಬೇಕಿತ್ತು, ಜನ ಸಿಕ್ಕಿಹಾಕಿಕೊಂಡಿದ್ದೇ ಆ ಬಾಗಿಲಲ್ಲಿ. ಮೊದಲ ದಿನ ಪೂರ್ತಿ ನೋಂದಣಿಯಾದವರು 6 ಮಂದಿ. ಆರು ಸಾವಿರವಲ್ಲ, ಆರೇ ಆರು.

ನಾನು ಬಳಸಿದ್ದು ಜೆಮೀಟರ್. ಉಚಿತ ಸಾಫ್ಟ್‌ವೇರ್. ಅಪಾಚೆಯ ಸ್ಟೆಫಾನೊ ಮಜೊಕ್ಕಿ 1998ರ ಹೊತ್ತಿಗೆ ಶುರು ಮಾಡಿದ್ದು. ಜಾವಾ ಇರುವ ಯಾವ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಬ್ರೌಸರ್‌ನಲ್ಲಿ ನಾವು ಮಾಡಿದ ಕೆಲಸವನ್ನು ಅದು ರೆಕಾರ್ಡ್ ಮಾಡಿಕೊಳ್ಳುತ್ತದೆ, ಆಮೇಲೆ ಅದನ್ನೇ ಮುನ್ನೂರು ‘ಬಳಕೆದಾರರ’ ಹೆಸರಿನಲ್ಲಿ ಸರ್ವರ್ ಮೇಲೆ ಬಿಡುತ್ತದೆ. ನಾನು ರೆಕಾರ್ಡ್ ಮಾಡಿದೆ, ಬೇಡವೆನಿಸಿದ್ದನ್ನೆಲ್ಲ ಅಳಿಸಿದೆ, ಓಡಿಸಿದೆ. ಸರಾಸರಿ ಅರ್ಧ ಸೆಕೆಂಡಿಗಿಂತ ಕಡಿಮೆ. ಎಲ್ಲ ಸಾಲುಗಳೂ ಹಸಿರು. ರಿಪೋರ್ಟ್ ಮೇಲ್ ಮಾಡಿಯೂ ಬಿಟ್ಟೆ.

ನಮ್ಮ ಟೀಮ್ ಲೀಡ್ ಸರ್ ಹೆಚ್ಚು ಮಾತಿನವರಲ್ಲ. ಒಂದೇ ಪ್ರಶ್ನೆ ಕೇಳಿದರು: ‘ಅಲ್ಲಮ್ಮಾ, ಎಷ್ಟು ಜನ ಒಳಗೆ ಹೋದ್ರು ಅಂತ ಡೇಟಾಬೇಸಲ್ಲಿ ನೋಡಿದ್ಯಾ?’

ನೋಡಿರಲಿಲ್ಲ. ಕೊನೆಯ ಬಾರಿ ಲಾಗಿನ್ ಆದ ಸಮಯ ಬರೆದಿಡುವ ಒಂದು ಕಾಲಂ ಇದೆ. ತೆಗೆದು ನೋಡಿದರೆ ಆವತ್ತು ಲಾಗಿನ್ ಆದವರು ಒಬ್ಬರೇ. ರೆಕಾರ್ಡ್ ಮಾಡಲು ಬ್ರೌಸರ್‌ನಲ್ಲಿ ಒಳಹೋಗಿದ್ದ ನಾನು!

ಹಾಗಾದರೆ ಆ ಹಸಿರು? ಲಾಗಿನ್ ಸೋತಾಗ ನಮ್ಮ ಸೈಟು ‘ಮತ್ತೆ ಪ್ರಯತ್ನಿಸಿ’ ಎಂದು ಲಾಗಿನ್ ಪುಟವನ್ನೇ ವಾಪಸು ಕಳಿಸುತ್ತಿತ್ತು. ಪುಟ ಸರಿಯಾಗಿ ಬಂತಲ್ಲ, ಹಾಗಾಗಿ ಕೋಡ್ 200. ಜೆಮೀಟರ್‌ಗೆ 200 ಎಂದರೆ ಪಾಸ್. ಅದು ಪುಟದಲ್ಲಿ ಏನು ಬರೆದಿದೆ ಎಂದು ಓದುವುದಿಲ್ಲ, ಓದು ಎಂದು ನಾವು ಹೇಳಬೇಕು. ಮುನ್ನೂರು ಮಂದಿ ಬಾಗಿಲು ತಟ್ಟಿ ವಾಪಸು ಹೋಗಿದ್ದರು, ನಾನು ಅದನ್ನು ‘ಯಶಸ್ವಿ ಪ್ರವೇಶ’ ಎಂದು ಬರೆದಿದ್ದೆ.

ಇಲ್ಲಿಂದ ಶುರುವಾಯಿತು ಕುಕಿಯ ಕಥೆ. ಆ ವಾರ ದಿನಾ ರಾತ್ರಿ ಲೇಟಾಗಿ ಮನೆಗೆ ಹೋಗಿ ‘ಕುಕಿ ಸಮಸ್ಯೆ’ ಎಂದರೆ, ಅಮ್ಮ ‘ಬಿಸ್ಕತ್ತಿಗೆ ಇಷ್ಟು ಹೊತ್ತು ಕೂರಿಸ್ಕೊಳ್ತಾರಾ?’ ಎನ್ನುತ್ತಿದ್ದಳು. ಅವಳಿಗೆ ಹೇಳಿದಂತೆ ನಿಮಗೂ ಹೇಳುತ್ತೇನೆ. ಚಾಮುಂಡಿ ಬೆಟ್ಟದಲ್ಲಿ ಚಪ್ಪಲಿ ಬಿಡುವಾಗ ಟೋಕನ್ ಕೊಡುತ್ತಾರಲ್ಲ, ಅದೇ. ಅಲ್ಲಿ ಕೂತವರು ನಿಮ್ಮ ಮುಖ ನೆನಪಿಟ್ಟುಕೊಳ್ಳುವುದಿಲ್ಲ, ಟೋಕನ್ ನೋಡಿ ಚಪ್ಪಲಿ ಕೊಡುತ್ತಾರೆ. ವೆಬ್ ಸರ್ವರ್‌ಗೂ ಮರೆವು. ಒಂದು ಪುಟ ಕೊಟ್ಟ ಮರುಕ್ಷಣ ನೀವು ಯಾರೆಂದು ಅದಕ್ಕೆ ಗೊತ್ತಿಲ್ಲ. 1994ರಲ್ಲಿ ನೆಟ್‌ಸ್ಕೇಪ್‌ನಲ್ಲಿದ್ದ ಲೂ ಮೊಂಟುಲಿ ಇದಕ್ಕೆ ಕಂಡುಕೊಂಡ ದಾರಿಯೇ ಕುಕಿ. ಸರ್ವರ್ ಒಂದು ಚೀಟಿ ಕೊಡುತ್ತದೆ, ಬ್ರೌಸರ್ ಪ್ರತಿ ಸಲವೂ ಅದನ್ನು ವಾಪಸು ತೋರಿಸುತ್ತದೆ. ಬ್ರೌಸರ್ ಇದನ್ನು ನಮಗೆ ಗೊತ್ತಿಲ್ಲದಂತೆ ಮಾಡುತ್ತದೆ. ಜೆಮೀಟರ್ ಬ್ರೌಸರ್ ಅಲ್ಲ, ಹೇಳದಿದ್ದರೆ ಚೀಟಿಯನ್ನು ಇಟ್ಟುಕೊಳ್ಳುವುದೇ ಇಲ್ಲ.

ನಾನು ಬುದ್ಧಿವಂತಿಕೆ ಮಾಡಿದೆ. ಬ್ರೌಸರ್‌ನಲ್ಲಿ ಲಾಗಿನ್ ಆಗಿ, ಅಲ್ಲಿದ್ದ ಸೆಷನ್ ಕುಕಿಯನ್ನು ಕಾಪಿ ಮಾಡಿ ಜೆಮೀಟರ್‌ನ ಹೆಡರ್ ಮ್ಯಾನೇಜರ್‌ಗೆ ಅಂಟಿಸಿದೆ. ಲಾಗಿನ್ ಹಂತ ಬಿಟ್ಟು ನೇರ ಅರ್ಜಿ ಪುಟಕ್ಕೇ ಬಿಟ್ಟೆ. ಒಳಗಿನ ಪುಟ ಬಂತು! ಆದರೆ ಜನ ಹೆಚ್ಚಿದಂತೆ ನಿಧಾನ, ನೂರು ದಾಟುವಾಗ ಮೂವತ್ತು ಸೆಕೆಂಡು. ‘ಸರ್ವರ್ ಸಾಲಲ್ಲ ಸರ್’ ಎಂದೆ. ಕಾಲೇಜಿಗೆ ದೊಡ್ಡ ಸರ್ವರ್ ತಗೊಳ್ಳಿ ಎಂದು ಹೇಳಲು ಮಾರ್ಕೆಟಿಂಗ್‌ನವರು ಫೋನ್ ಎತ್ತುವುದೊಂದು ಬಾಕಿ. ಅವರ ಬಜೆಟ್ ಮೊದಲೇ ಬಿಗಿ, ವಿಷಯ ನಮ್ಮ ಮಾಲೀಕರವರೆಗೂ ಹೋಗಿತ್ತು.

ಊಟಕ್ಕೆ ಹೋಗುವ ಮುಂಚೆ ಸುಮ್ಮನೆ ಬಂದ ಪುಟಗಳನ್ನು ಒಂದೊಂದಾಗಿ ತೆರೆದೆ. ಮೊದಲನೆಯದರಲ್ಲಿ ನನ್ನ ಹೆಸರು, ನನ್ನ ಟೆಸ್ಟ್ ಅರ್ಜಿ ಸಂಖ್ಯೆ. ಎರಡನೆಯದರಲ್ಲೂ ಅದೇ. ಇನ್ನೂರನೆಯದರಲ್ಲೂ ಅದೇ. ಮುನ್ನೂರು ಮಂದಿಯೂ ನಾನೇ! ಎಲ್ಲರೂ ಒಂದೇ ಟೋಕನ್ ಹಿಡಿದು ಒಂದೇ ಗೂಡಿನ ಮುಂದೆ ನಿಂತಿದ್ದರು. ನಮ್ಮ ಸೈಟು ಪಿಎಚ್‌ಪಿಯಲ್ಲಿತ್ತು. ಸೆಷನ್ನನ್ನು ಫೈಲ್‌ನಲ್ಲಿಡುವಾಗ ಪಿಎಚ್‌ಪಿ ಒಬ್ಬರ ಕೆಲಸ ಮುಗಿಯುವ ತನಕ ಆ ಫೈಲಿಗೆ ಬೀಗ ಹಾಕುತ್ತದೆ. ನಿಜವಾದ ಮುನ್ನೂರು ಜನಕ್ಕೆ ಮುನ್ನೂರು ಫೈಲು, ಯಾರೂ ಯಾರಿಗೂ ಕಾಯಬೇಕಿಲ್ಲ. ನನ್ನ ಮುನ್ನೂರು ‘ನಾನು’ಗಳು ಒಂದೇ ಬೀಗಕ್ಕೆ ಕ್ಯೂ ನಿಂತಿದ್ದರು. ಸರ್ವರ್‌ನ ತಪ್ಪೇ ಅಲ್ಲ.

ಸರ್ ಹತ್ತಿರ ಹೋಗಿ ಹೇಳಲು ಇಪ್ಪತ್ತು ನಿಮಿಷ ಬೇಕಾಯಿತು. ಎರಡು ದಿನದಲ್ಲಿ ಎರಡು ಸುಳ್ಳು ರಿಪೋರ್ಟ್. ಪ್ರೊಬೇಷನ್ ಅಷ್ಟೇ, ನಂಜನಗೂಡಿನ ಬಸ್ ಪಾಸ್ ಇನ್ನು ಮಾಡಿಸುವುದು ಬೇಡ ಎಂದುಕೊಂಡೇ ಹೋದೆ. ಅವರು ಮಾರ್ಕೆಟಿಂಗ್‌ನವರಿಗೆ ‘ತಡೀರಿ’ ಎಂದು ಒಂದು ಮೆಸೇಜ್ ಹಾಕಿ, ‘ಈಗ ಸರಿಯಾಗಿ ಮಾಡು. ಕುಕಿ ಮ್ಯಾನೇಜರ್ ಅಂತ ಒಂದಿದೆ, ನೋಡು’ ಎಂದರಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಎಚ್‌ಟಿಟಿಪಿ ಕುಕಿ ಮ್ಯಾನೇಜರ್ ಸೇರಿಸಿದರೆ ಪ್ರತಿ ಬಳಕೆದಾರನಿಗೂ ಬೇರೆ ಬೇರೆ ಕುಕಿ ಡಬ್ಬಿ ಸಿಗುತ್ತದೆ. ಆದರೆ ಅದನ್ನು ನಾನು ಲಾಗಿನ್ ರಿಕ್ವೆಸ್ಟ್‌ನ ಒಳಗೆ ಇಟ್ಟುಬಿಟ್ಟಿದ್ದೆ. ಅಲ್ಲಿಟ್ಟರೆ ಅದು ಆ ಒಂದಕ್ಕೇ ಸೀಮಿತ, ಮುಂದಿನ ಪುಟಕ್ಕೆ ಚೀಟಿ ದಾಟುವುದಿಲ್ಲ. ಮೇಲೆ ತಂದು ಥ್ರೆಡ್ ಗ್ರೂಪ್‌ನ ಕೆಳಗೆ ನೇರ ಇಟ್ಟೆ. ಆಗಲೂ ಇಲ್ಲ! ‘ವ್ಯೂ ರಿಸಲ್ಟ್ಸ್ ಟ್ರೀ’ ತೆರೆದು ಹೋದದ್ದನ್ನೂ ಬಂದದ್ದನ್ನೂ ಅಕ್ಕಪಕ್ಕ ನೋಡಿದೆ. ಇಷ್ಟರಲ್ಲೇ ಅರ್ಧ ರೋಗ ಗೊತ್ತಾಗುತ್ತದೆ, ಮೊದಲ ದಿನವೇ ಮಾಡಬೇಕಿತ್ತು. ಸರ್ವರ್ ಕುಕಿ ಕೊಟ್ಟಿದೆ, ಮುಂದಿನ ರಿಕ್ವೆಸ್ಟ್‌ನಲ್ಲಿ ಮಾತ್ರ ‘ನೋ ಕುಕೀಸ್’. ಕಾರಣ ಒಂದು ಅಕ್ಷರ. ಕುಕಿಯ ಮೇಲೆ ‘ಸೆಕ್ಯೂರ್’ ಎಂಬ ಗುರುತಿತ್ತು, ಎಂದರೆ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ವಾಪಸು ಕಳಿಸಬೇಕು. ನಾನು ಟೆಸ್ಟ್ ಸರ್ವರ್‌ಗೆ ಬರೀ ಎಚ್‌ಟಿಟಿಪಿ ಹಾಕಿದ್ದೆ. ಕೊನೆಯ ಆ ‘ಎಸ್’ಗಾಗಿ ಒಂದು ಮಧ್ಯಾಹ್ನ ಹೋಯಿತು.

ಆಮೇಲೆ ಟೋಕನ್. ಲಾಗಿನ್ ಫಾರಂನಲ್ಲಿ ಕಣ್ಣಿಗೆ ಕಾಣದ ಒಂದು ಗುಪ್ತ ಸಂಖ್ಯೆ ಇರುತ್ತದೆ, ಪ್ರತಿ ಸೆಷನ್‌ಗೂ ಬೇರೆ. ನನ್ನ ಸ್ಕ್ರಿಪ್ಟ್ ರೆಕಾರ್ಡ್ ಮಾಡಿದ ದಿನದ ಹಳೇ ಸಂಖ್ಯೆಯನ್ನೇ ಕಳಿಸುತ್ತಿತ್ತು. ಮೊದಲು ಲಾಗಿನ್ ಪುಟ ತೆರೆದು, ಎಕ್ಸ್‌ಟ್ರಾಕ್ಟರ್‌ನಿಂದ ಆ ಸಂಖ್ಯೆ ತೆಗೆದು, ಪಾಸ್‌ವರ್ಡ್ ಜೊತೆ ಕಳಿಸುವಂತೆ ಮಾಡಿದೆ. ಮುನ್ನೂರು ಬೇರೆ ಬೇರೆ ಯೂಸರ್‌ನೇಮ್‌ಗಳನ್ನು ಸಿಎಸ್‌ವಿ ಫೈಲಿಗೆ ಹಾಕಿದೆ. ಪುಟದಲ್ಲಿ ‘ಲಾಗ್‌ಔಟ್’ ಎಂಬ ಪದ ಇಲ್ಲದಿದ್ದರೆ ಫೇಲ್ ಎಂದು ಅಸರ್ಷನ್ ಬರೆದೆ. ಒಳಗೆ ಹೋದವರಿಗೆ ಮಾತ್ರ ತಾನೇ ಹೊರಬರುವ ಬಟನ್ ಕಾಣುವುದು.

ಮೊದಲ ಸುತ್ತು ಪಾಸಾಯಿತು. ಎರಡನೇ ಸುತ್ತು ಪೂರ್ತಿ ಕೆಂಪು! ಇದು ತಲೆ ತಿಂದಿತು. ಮೊದಲ ಸುತ್ತಿನ ಕುಕಿ ಇನ್ನೂ ಡಬ್ಬಿಯಲ್ಲೇ ಇತ್ತು, ಹಾಗಾಗಿ ಸರ್ವರ್ ‘ನೀವು ಒಳಗೇ ಇದ್ದೀರಲ್ಲ’ ಎಂದು ಲಾಗಿನ್ ಪುಟದ ಬದಲು ಒಳಗಿನ ಪುಟ ಕೊಡುತ್ತಿತ್ತು, ಅಲ್ಲಿ ಗುಪ್ತ ಸಂಖ್ಯೆ ಎಲ್ಲಿಂದ ಬರಬೇಕು? ಪ್ರತಿ ಸುತ್ತಿಗೂ ಕುಕಿ ಅಳಿಸು ಎಂಬ ಒಂದು ಟಿಕ್ ಹಾಕಿದ ಮೇಲೆ ಸರಿಹೋಯಿತು.

ನಡುವೆ ಒಂದು ಮಾತು. ಇದನ್ನು ಕೇಳಿದ ಗೆಳೆಯನೊಬ್ಬ ‘ರಿಸಲ್ಟ್ ದಿನ ಯೂನಿವರ್ಸಿಟಿ ಸೈಟ್ ಮೇಲೆ ಟ್ರೈ ಮಾಡೋಣ್ವಾ?’ ಎಂದ. ಬೇಡಿ! ಅನುಮತಿಯಿಲ್ಲದೆ ಬೇರೆಯವರ ಸೈಟಿಗೆ ಲೋಡ್ ಬಿಟ್ಟು ಅಡ್ಡಿ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅಪರಾಧ, ಮೂರು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ಕಲಿಯಬೇಕೆಂದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಒಂದು ಪುಟ್ಟ ಲಾಗಿನ್ ಸೈಟ್ ಮಾಡಿ ಅದರ ಮೇಲೆ ಹೊಡೆಯಿರಿ. ಆ ಸೈಟ್ ಬಿದ್ದರೆ ಬೈಯುವವರು ಯಾರೂ ಇಲ್ಲ. ನನಗೆ ಇಂಟರ್‌ವ್ಯೂನಲ್ಲಿ ಜೆಮೀಟರ್ ಗೊತ್ತಾ ಎಂದು ಕೇಳಿದಾಗ ‘ಗೊತ್ತು’ ಎಂದಿದ್ದೆ. ಯೂಟ್ಯೂಬ್‌ನಲ್ಲಿ ನೋಡಿದ್ದೆ, ಅಷ್ಟೇ.

ಶುಕ್ರವಾರ ಸಂಜೆ ಮೊದಲ ನಿಜವಾದ ರಿಪೋರ್ಟ್ ಬಂತು. ಅರ್ಜಿ ಪುಟಗಳು ಚೆನ್ನಾಗಿದ್ದವು. ಲಾಗಿನ್ ಮಾತ್ರ ಮುನ್ನೂರಕ್ಕೆ ಹನ್ನೆರಡು ಸೆಕೆಂಡು. ಪಾಸ್‌ವರ್ಡ್ ಪರೀಕ್ಷಿಸುವ ಬಿಕ್ರಿಪ್ಟ್ ಎಂಬ ವಿಧಾನ ಬೇಕೆಂದೇ ನಿಧಾನ. ಕಳ್ಳರು ಸೆಕೆಂಡಿಗೆ ಕೋಟಿಗಟ್ಟಲೆ ಪಾಸ್‌ವರ್ಡ್ ಊಹಿಸಬಾರದು ಎಂದು ಹಾಗೆ ಮಾಡಿದ್ದು. ಎಲ್ಲರೂ ಒಟ್ಟಿಗೆ ಬಂದರೆ ಸರ್ವರ್‌ನ ಎರಡು ಕೋರ್‌ಗಳೂ ಅದರಲ್ಲೇ ಮುಳುಗುತ್ತವೆ. ಅದನ್ನು ಹಗುರ ಮಾಡುವುದಕ್ಕೆ ಸರ್ ಒಪ್ಪಲಿಲ್ಲ, ನನಗೂ ಅದು ಸರಿಯೆನಿಸಿತು. ಬದಲಿಗೆ ಮೊದಲ ಮೂರು ದಿನಕ್ಕೆ ಮಾತ್ರ ಎಂಟು ಕೋರ್ ಬಾಡಿಗೆಗೆ ತೆಗೆದುಕೊಂಡು, ಬಿಕಾಂ, ಬಿಎಸ್ಸಿ, ಬಿಎ ಅರ್ಜಿಗಳನ್ನು ಬೇರೆ ಬೇರೆ ದಿನ ಬಿಡಿ ಎಂದು ಕಾಲೇಜಿಗೆ ತಿಳಿಸಿದರು. ಮಾರ್ಕೆಟಿಂಗ್‌ನವರು ಹೇಳಹೊರಟಿದ್ದ ಸರ್ವರ್‌ಗಿಂತ ಖರ್ಚು ಎಷ್ಟೋ ಕಡಿಮೆ.

ಸೋಮವಾರ ಹತ್ತು ಗಂಟೆಗೆ ಆಫೀಸಿನವರೆಲ್ಲ ನನ್ನ ಮಾನಿಟರ್ ಹಿಂದೆ ನಿಂತಿದ್ದರು. ಲಾಗಿನ್ ಕಾಲಂನಲ್ಲಿ ಹೆಸರುಗಳು ಬೀಳತೊಡಗಿದವು. ಹುಣಸೂರು, ಟಿ. ನರಸೀಪುರ, ಕೊಳ್ಳೇಗಾಲ ವಿಳಾಸಗಳು. ಲಾಗಿನ್ ಎರಡು ಸೆಕೆಂಡಿನ ಆಸುಪಾಸಿನಲ್ಲೇ ನಿಂತಿತು. ಹತ್ತೂವರೆಗೆ ಕಾಲೇಜಿನಿಂದ ಫೋನ್ ಬಂತು, ಮಕ್ಕಳು ಮೊಬೈಲ್‌ನಲ್ಲಿ ತೆಗೆದ ಫೋಟೊ ಅಪ್‌ಲೋಡ್ ಆಗುತ್ತಿಲ್ಲವಂತೆ, ಸೈಜ್ ಜಾಸ್ತಿಯಂತೆ. ಅದನ್ನು ನಾನು ಟೆಸ್ಟ್ ಮಾಡಿರಲಿಲ್ಲ.