ಸ್ವಲ್ಪ ದಿನ ತಡೀರಿ ಸಾರ್

ತಿರುವಣ್ಣಾಮಲೆಯ ರಮಣಾಶ್ರಮದ ಅಂಗಳದಲ್ಲಿ ಆಡಿ ಬೆಳೆದ ಹುಡುಗನೊಬ್ಬನ ಹೆಸರು ಕಂಪ್ಯೂಟರ್ ಕೊಳ್ಳುವವರ ಹಿಂಜರಿಕೆಗೆ ಶಾಶ್ವತವಾಗಿ ಅಂಟಿಕೊಂಡಿದೆ. ಅವನ ಹೆಸರು ಆಡಂ ಆಸ್ಬೋರ್ನ್. ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಜೀವನಚರಿತ್ರೆ ಬರೆದವರು, ಆಶ್ರಮದ ‘ದ ಮೌಂಟನ್ ಪಾತ್’ ಪತ್ರಿಕೆಯನ್ನು ಹುಟ್ಟುಹಾಕಿದವರು. ಮಗ ಹುಟ್ಟಿದ್ದು 1939ರಲ್ಲಿ, ಬ್ಯಾಂಕಾಕಿನಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ತಂದೆ ಜಪಾನೀಯರ ಸೆರೆಯಲ್ಲಿದ್ದರೆ, ತಾಯಿ ಮಕ್ಕಳೊಂದಿಗೆ ತಿರುವಣ್ಣಾಮಲೆಯಲ್ಲಿದ್ದರು. ಹುಡುಗ ತಮಿಳು ಕಲಿತ, ಕೊಡೈಕೆನಾಲಿನ ಕಾನ್ವೆಂಟಿನಲ್ಲಿ ಓದಿದ. ಆಮೇಲೆ ಇಂಗ್ಲೆಂಡು, ಅಲ್ಲಿಂದ ಅಮೆರಿಕ, ಕೆಮಿಕಲ್ ಎಂಜಿನಿಯರಿಂಗಿನಲ್ಲಿ ಡಾಕ್ಟರೇಟ್.

ಈಗಲೇ ಕೊಳ್ಳಲೇ, ಮುಂದಿನ ಮಾಡೆಲ್ ಬರುವ ತನಕ ಕಾಯಲೇ? ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟ ಪ್ರತಿಯೊಬ್ಬರನ್ನೂ ಕಾಡುವ ಈ ಪ್ರಶ್ನೆಯ ಬೇರು ಹುಡುಕುತ್ತ ಹೋದಾಗ ನನಗೆ ಸಿಕ್ಕವರು ಆಸ್ಬೋರ್ನ್. ಸಿಕ್ಕ ಮೇಲೆ ಬಿಡಲಾಗಲಿಲ್ಲ.

ಕಾಯುವ ಆಸೆಯನ್ನು ಹುಟ್ಟಿಸಿದ್ದು ಆಸ್ಬೋರ್ನ್ ಅಲ್ಲ. 1965ರಲ್ಲಿ ಚಿಪ್ ತಯಾರಿಕೆಯ ತಜ್ಞ ಗಾರ್ಡನ್ ಮೂರ್ ಒಂದು ಪತ್ರಿಕಾ ಲೇಖನದಲ್ಲಿ, ಚಿಪ್ಪಿನ ಮೇಲೆ ಕೂರಿಸಬಹುದಾದ ಬಿಡಿ ಅಂಶಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ ಎಂದು ಅಂದಾಜು ಮಾಡಿದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಕಾದರೆ ಅದೇ ದುಡ್ಡಿಗೆ ಹೆಚ್ಚಿನದು ಸಿಗುತ್ತದೆ ಎಂಬ ಆಸೆಯ ಬೇರು ಅದು. ಅದೇ 1975ರ ಜನವರಿಯಲ್ಲಿ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ 8800 ಕಾಣಿಸಿಕೊಂಡಿತು. ಅದು ಬಿಡಿಭಾಗಗಳ ಕಿಟ್ಟು. ಕೊಂಡವರೇ ಕೂತು ಬೆಸುಗೆ ಹಾಕಿ ಜೋಡಿಸಬೇಕು. ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನ ಒಂದು ಗ್ಯಾರೇಜಿನಲ್ಲಿ ಇಂಥ ಹುಚ್ಚಿನವರೆಲ್ಲ ಸೇರಿದರು. ಹೋಂಬ್ರೂ ಕಂಪ್ಯೂಟರ್ ಕ್ಲಬ್ ಶುರುವಾದದ್ದು ಹಾಗೆ. ಆಪಲ್‌ನ ಸ್ಟೀವ್ ವೋಜ್ನಿಯಾಕ್ ಬೆಳಕಿಗೆ ಬಂದದ್ದು ಆ ಕೂಟದಲ್ಲಿ. ಆಸ್ಬೋರ್ನ್ ಅಲ್ಲಿಗೆ ಬರುತ್ತಿದ್ದದ್ದು ತಾವು ಬರೆದ ಮೈಕ್ರೊಕಂಪ್ಯೂಟರ್ ಪರಿಚಯ ಪುಸ್ತಕವನ್ನು ರಟ್ಟಿನ ಡಬ್ಬದಲ್ಲಿಟ್ಟು ಮಾರುವುದಕ್ಕೆ. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 1979ರಲ್ಲಿ ಅವರ ಪ್ರಕಾಶನವನ್ನೇ ಮೆಗ್ರಾ-ಹಿಲ್ ಕೊಂಡುಕೊಂಡಿತು.

ಮನೆಯಲ್ಲಿ ಜೋಡಿಸುವವರ ಪಾಡನ್ನು ಹತ್ತಿರದಿಂದ ನೋಡಿದ್ದರಿಂದಲೇ ಇರಬೇಕು, ಅವರ ನಿಲುವು ಸರಳವಾಗಿತ್ತು: ಕೆಲಸಕ್ಕೆ ಸಾಲುವಷ್ಟಿದ್ದರೆ ಸಾಕು, ಅದಕ್ಕಿಂತ ಹೆಚ್ಚಿನದು ದಂಡ. ಹೋಂಬ್ರೂ ಸಭೆಗಳನ್ನು ನಡೆಸಿಕೊಡುತ್ತಿದ್ದ ಲೀ ಫೆಲ್ಸೆನ್‌ಸ್ಟೈನ್ ಅವರಿಂದಲೇ ವಿನ್ಯಾಸ ಮಾಡಿಸಿ, 1981ರ ಏಪ್ರಿಲ್‌ನಲ್ಲಿ ಆಸ್ಬೋರ್ನ್ 1 ಎಂಬ ಯಂತ್ರವನ್ನು ಹೊರತಂದರು. ಹಿಡಿಕೆ ಹಿಡಿದು ಹೊರಬಹುದಾದ ಪೆಟ್ಟಿಗೆ, ಸುಮಾರು 11 ಕಿಲೊ ತೂಕ, ಐದು ಇಂಚಿನ ಪರದೆ, 64 ಕೆಬಿ ಮೆಮರಿ, ಬೆಲೆ 1,795 ಡಾಲರ್. ಜೊತೆಗೆ ವರ್ಡ್‌ಸ್ಟಾರ್, ಸೂಪರ್‌ಕ್ಯಾಲ್‌ನಂಥ ತಂತ್ರಾಂಶಗಳೂ ಬರುತ್ತಿದ್ದವು. ಬಿಡಿಯಾಗಿ ಕೊಂಡರೆ ಅವುಗಳ ಬೆಲೆಯೇ ಯಂತ್ರದ ಬೆಲೆಯ ಹತ್ತಿರ ಬರುತ್ತಿತ್ತು. ಬೇಡಿಕೆ ಏರಿದಾಗ ತಿಂಗಳಿಗೆ ಹತ್ತು ಸಾವಿರದಷ್ಟು ಯಂತ್ರಗಳು ಕಾರ್ಖಾನೆಯಿಂದ ಹೊರಟವು.

1983ರ ಆರಂಭದಲ್ಲಿ ಕಂಪನಿ ಇನ್ನೂ ದೊಡ್ಡ ಪರದೆಯ, ಇನ್ನೂ ಹೆಚ್ಚು ಮೆಮರಿಯ ‘ಎಕ್ಸಿಕ್ಯುಟಿವ್’ ಮಾಡೆಲ್ ತರುವ ಮಾತಾಡಿತು. ಪ್ರಚಲಿತ ಕಥೆಯ ಪ್ರಕಾರ, ಸುದ್ದಿ ಕಿವಿಗೆ ಬಿದ್ದದ್ದೇ ಗಿರಾಕಿಗಳು ಕೈ ಕಟ್ಟಿ ಕೂತರು. ಹೊಸದು ಬರುತ್ತಿರುವಾಗ ಹಳೆಯದನ್ನು ಯಾರು ಕೊಳ್ಳುತ್ತಾರೆ? ಡೀಲರುಗಳು ಆರ್ಡರ್ ರದ್ದು ಮಾಡಿದರು, ಗೋದಾಮಿನಲ್ಲಿ ಆಸ್ಬೋರ್ನ್ 1 ರಾಶಿ ಬಿತ್ತು, ಸೆಪ್ಟೆಂಬರಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಮುಂದಿನ ಮಾಲಿನ ಸುದ್ದಿಯೇ ಇವತ್ತಿನ ಮಾಲನ್ನು ಕೊಲ್ಲುವುದಕ್ಕೆ ವಾಣಿಜ್ಯ ಜಗತ್ತು ‘ಆಸ್ಬೋರ್ನ್ ಪರಿಣಾಮ’ ಎಂದು ಹೆಸರಿಟ್ಟಿತು. ಇಂದಿಗೂ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಇದನ್ನು ಹೇಳಿಕೊಡುತ್ತಾರೆ.

ಈ ಕಥೆಯನ್ನು ಒಪ್ಪದವರಿದ್ದಾರೆ. ತಂತ್ರಜ್ಞಾನ ಲೇಖಕ ರಾಬರ್ಟ್ ಕ್ರಿಂಜ್ಲಿ ಬರೆದಿರುವ ಪ್ರಕಾರ, ಕಂಪನಿ ಹಳೆಯ ಮಾಡೆಲನ್ನು ಕೈಬಿಟ್ಟು ಹೊಸದನ್ನು ಸರಿಯಾಗಿಯೇ ಮಾರಲು ಹೊರಟಿತ್ತು. ಅಷ್ಟರಲ್ಲಿ ಗೋದಾಮಿನಲ್ಲಿ ಸುಮಾರು ಒಂದೂವರೆ ಲಕ್ಷ ಡಾಲರ್ ಬೆಲೆಯ ಹಳೆಯ ಮದರ್‌ಬೋರ್ಡುಗಳು ಒಬ್ಬ ಅಧಿಕಾರಿಯ ಕಣ್ಣಿಗೆ ಬಿದ್ದವು. ಅವು ವ್ಯರ್ಥವಾಗಬಾರದೆಂದು ಹಳೆಯ ಯಂತ್ರದ ಉತ್ಪಾದನೆಯನ್ನೇ ಮತ್ತೆ ಶುರು ಮಾಡಿಸಿ, ಪೆಟ್ಟಿಗೆ, ಪರದೆ, ಡ್ರೈವುಗಳಿಗೆಂದು ಇಪ್ಪತ್ತು ಲಕ್ಷ ಡಾಲರ್ ಸುರಿದರು. ಕಂಪನಿ ಮುಳುಗಿದ್ದು ಅದರಿಂದ ಎನ್ನುತ್ತಾರೆ ಅವರು. ನನ್ನ ಮಟ್ಟಿಗೆ ಇನ್ನೂ ಬಲವಾದ ಕಾರಣ ಕೇಪ್ರೊ. ಆಂಡ್ರ್ಯೂ ಕೇ ಅವರ ಕಂಪನಿ 1982ರಲ್ಲೇ ಅದೇ 1,795 ಡಾಲರಿಗೆ ಒಂಬತ್ತು ಇಂಚಿನ ಪರದೆ ಕೊಡುತ್ತಿತ್ತು. ಪಕ್ಕದ ಅಂಗಡಿಯಲ್ಲಿ ಅದೇ ದುಡ್ಡಿಗೆ ಹೆಚ್ಚಿನ ಮಾಲು ಸಿಗುವಾಗ ಗಿರಾಕಿ ನಾಳೆಯ ತನಕ ಕಾಯಬೇಕಾಗಿರಲಿಲ್ಲ. ಆದರೂ ಲೋಕ ನೆನಪಿಟ್ಟುಕೊಂಡದ್ದು ಕಾಯುವ ಗಿರಾಕಿಯ ಕಥೆಯನ್ನೇ. ಅದರಲ್ಲಿ ಪ್ರತಿಯೊಬ್ಬನಿಗೂ ತನ್ನ ಮುಖ ಕಂಡಿರಬೇಕು.

ಆಸ್ಬೋರ್ನ್ 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಕಂಪನಿ ಕಟ್ಟಿ ತಂತ್ರಾಂಶಗಳನ್ನು ಅಗ್ಗದ ಪುಸ್ತಕಗಳಂತೆ ಮಾರಿದರು. ಲೋಟಸ್ ಕಂಪನಿ ಹೂಡಿದ ಮೊಕದ್ದಮೆಯಲ್ಲಿ 1990ರಲ್ಲಿ ಸೋತರು. ಆರೋಗ್ಯ ಕೆಟ್ಟ ಮೇಲೆ ಭಾರತಕ್ಕೆ ಮರಳಿ, 2003ರ ಮಾರ್ಚಿನಲ್ಲಿ ಕೊಡೈಕೆನಾಲಿನಲ್ಲಿ ತೀರಿಕೊಂಡರು. ನಮ್ಮ ದಕ್ಷಿಣದ ಬೆಟ್ಟಗಳಲ್ಲಿ ಬೆಳೆದು ಅಲ್ಲಿಗೇ ಮರಳಿದ ಈ ಬದುಕು ನಮ್ಮ ಪಠ್ಯಗಳಲ್ಲಿ ಎಲ್ಲೂ ಇಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಅವರು ಭಾರತದಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದಾಗ ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡು, ಚೆನ್ನೈನ ರಿಚಿ ಸ್ಟ್ರೀಟು, ಮುಂಬೈನ ಲ್ಯಾಮಿಂಗ್ಟನ್ ರೋಡುಗಳಲ್ಲಿ ಅಸೆಂಬಲ್ಡ್ ಕಂಪ್ಯೂಟರಿನ ಸುಗ್ಗಿ. ಅಂಗಡಿಯಿಂದ ಅಂಗಡಿಗೆ ಅಲೆದು, ಬೋರ್ಡು, ಪ್ರೊಸೆಸರು, ರ‍್ಯಾಮು, ಹಾರ್ಡ್‌ಡಿಸ್ಕು, ಎಸ್‌ಎಂಪಿಎಸ್ಸು ಎಂದು ಚೀಟಿಯಲ್ಲಿ ಕೊಟೇಷನ್ ಬರೆಸಿಕೊಳ್ಳುತ್ತಿದ್ದ ಕಾಲೇಜು ಹುಡುಗರು ಆ ರಸ್ತೆಗಳ ಜೀವಾಳ. “ಹೊಸ ಜನರೇಷನ್ ಬರ್ತಿದೆ, ಸ್ವಲ್ಪ ದಿನ ತಡೀರಿ ಸಾರ್, ಇದರ ರೇಟು ಇಳಿಯುತ್ತೆ” ಎಂದು ಅಂಗಡಿಯವನೇ ಹೇಳಿ ಕಳಿಸುತ್ತಿದ್ದ ದಿನಗಳವು. ಆ ಮಾತು ನಿಜವೂ ಆಗುತ್ತಿತ್ತು. ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿದ್ದರಿಂದ ಆಮದು ಸುಂಕ ವರ್ಷವರ್ಷವೂ ಇಳಿಯುತ್ತ 2005ರ ಹೊತ್ತಿಗೆ ಸೊನ್ನೆಗೆ ಬಂತು. ಮೂರ್ ಹೇಳಿದ ಇಮ್ಮಡಿಯಿಂದಾದ ಬೆಲೆ ಇಳಿಕೆಯೂ ಸುಂಕದ ಇಳಿಕೆಯೂ ಕೂಡಿಬಂದ ಆ ಕಾಲದಲ್ಲಿ ಕಾಯ್ದವರಿಗೆ ಲಾಭವೇ ಆಯಿತು. ಇಂದಿಗೂ ನಮ್ಮ ಮನಸ್ಸಿನಲ್ಲಿ ಕೂತಿರುವುದು ಆ ಕಾಲದ ಲೆಕ್ಕಾಚಾರ.

ಆ ಲೆಕ್ಕ ಹಾಗೆಯೇ ನಡೆಯುತ್ತದೆ ಎಂಬ ಖಾತರಿ ಎಂದೂ ಇರಲಿಲ್ಲ. 1993ರ ಜುಲೈನಲ್ಲಿ ಜಪಾನಿನ ನೀಹಾಮಾದ ಸುಮಿಟೊಮೊ ಕೆಮಿಕಲ್ ಘಟಕದಲ್ಲಿ ಸ್ಫೋಟವಾಯಿತು. ಚಿಪ್ಪಿಗೆ ಹೊರಕವಚ ಹಾಕುವ ವಿಶೇಷ ರಾಳದಲ್ಲಿ ಪ್ರಪಂಚದ ಅರ್ಧಕ್ಕಿಂತ ಹೆಚ್ಚು ಪಾಲು ತಯಾರಾಗುತ್ತಿದ್ದುದು ಆ ಒಂದೇ ಕಡೆ. ಕೆಲವೇ ವಾರಗಳಲ್ಲಿ ಮೆಮರಿ ಬೆಲೆ ಇಮ್ಮಡಿಯಾಯಿತು. 2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನ ಪ್ರವಾಹ ಅಯುತ್ಥಾಯ ಪ್ರಾಂತ್ಯದ ವೆಸ್ಟರ್ನ್ ಡಿಜಿಟಲ್ ಕಾರ್ಖಾನೆಗೆ ನುಗ್ಗಿ ಹಾರ್ಡ್‌ಡಿಸ್ಕ್ ದುಬಾರಿಯಾಯಿತು. ಬೆಲೆ ಏರಿದ್ದರ ಜೊತೆಗೆ ಆ ವರ್ಷದ ಕೊನೆಯಲ್ಲಿ ಕಂಪನಿಗಳು ಎಷ್ಟೋ ಮಾಡೆಲ್‌ಗಳ ವಾರಂಟಿಯನ್ನೂ ಕತ್ತರಿಸಿದವು. 2020-21ರಲ್ಲಿ ಎಥೀರಿಯಂ ಎಂಬ ಕ್ರಿಪ್ಟೊಕರೆನ್ಸಿಯ ಗಣಿಗಾರಿಕೆಯವರು ಗ್ರಾಫಿಕ್ಸ್ ಕಾರ್ಡುಗಳನ್ನು ಬಾಚಿಕೊಂಡರು. 699 ಡಾಲರ್ ಎಂದು ಘೋಷಿಸಿದ್ದ ಆರ್‌ಟಿಎಕ್ಸ್ 3080 ಆ ಬೆಲೆಗೆ ಬಹುತೇಕರಿಗೆ ಸಿಗಲೇ ಇಲ್ಲ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ವ್ಯವಸ್ಥೆಯನ್ನೇ ಬದಲಿಸಿದಾಗ ಆ ಗಣಿಗಾರಿಕೆ ನಿಂತಿತು.

ಈ ಸಲದ ಹೊಡೆತ ಮೆಮರಿಗೆ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳಿಗೆ ಬೇಕಾದ ಎಚ್‌ಬಿಎಂ ಎಂಬ ಮೆಮರಿ, ನಮ್ಮ ಕಂಪ್ಯೂಟರುಗಳಿಗೆ ಹಾಕುವ, ಅಷ್ಟೇ ಸಾಮರ್ಥ್ಯದ ಡಿಡಿಆರ್5 ಮೆಮರಿಗಿಂತ ಸುಮಾರು ಮೂರು ಪಟ್ಟು ಸಿಲಿಕಾನ್ ಬಿಲ್ಲೆಯನ್ನು ತಿನ್ನುತ್ತದೆ. ಪ್ರಪಂಚದ ಬಹುಪಾಲು ಡಿರ‍್ಯಾಮ್ ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರೇ. ಅವರೆಲ್ಲ ದೊಡ್ಡ ಗಿರಾಕಿಯ ಕಡೆ ತಿರುಗಿದ್ದರಿಂದ 2025ರ ಸೆಪ್ಟೆಂಬರಿನಿಂದ ಡಿಸೆಂಬರಿನೊಳಗೆ ಎಷ್ಟೋ ಡಿಡಿಆರ್5 ಕಿಟ್ಟುಗಳ ಬೆಲೆ ಎರಡು ಪಟ್ಟು ದಾಟಿತು. ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ‘ಕ್ರೂಶಿಯಲ್’ ಬ್ರಾಂಡನ್ನು ಮುಚ್ಚುವುದಾಗಿ ಹೇಳಿತು. ಸುಮಾರು ಮೂರು ದಶಕ ಸಾಮಾನ್ಯ ಗಿರಾಕಿಗೆ ರ‍್ಯಾಮ್ ಮಾರಿದ ಹೆಸರದು. ಹೋಂಬ್ರೂ ಗ್ಯಾರೇಜಿನಲ್ಲಿ ಶುರುವಾದ ಉದ್ಯಮವೊಂದು, ತನ್ನನ್ನು ಬೆಳೆಸಿದ ಕೈಜೋಡಣೆಯ ಗಿರಾಕಿಯನ್ನು ಸಾಲಿನ ಕೊನೆಗೆ ತಳ್ಳಿದ್ದು ನನಗೆ ಕೋಪ ತರಿಸುತ್ತದೆ. ಎಸ್.ಪಿ. ರೋಡಿಗೆ ಬರುವ ಹುಡುಗನ ಹದಿನಾರು ಜಿಬಿಯ ಬೇಡಿಕೆಗೆ ಆ ಮೂವರ ಲೆಕ್ಕಪುಸ್ತಕಗಳಲ್ಲಿ ಜಾಗವೇ ಇಲ್ಲ.

ಹಾಗಾದರೆ ಯಾವಾಗ ಕೊಳ್ಳಬೇಕು? ಬೆಲೆ ಇಳಿಯುವುದೆಂದು ಕಾಯುವುದಕ್ಕೆ ಈಗ ಆಧಾರವಿಲ್ಲ. ಬೆಲೆಯ ಏರಿಕೆಯಾಗಲಿ ಇಳಿಕೆಯಾಗಲಿ ನಮ್ಮ ಕೈಯಲ್ಲೂ ಅಂಗಡಿಯವರ ಕೈಯಲ್ಲೂ ಇಲ್ಲ. ಕಾಯುವುದಕ್ಕೆ ಅರ್ಥವಿರುವುದು ಒಂದೇ ಕಡೆ, ಪ್ರೊಸೆಸರ್ ಕೂರುವ ಸಾಕೆಟ್ ಬದಲಾಗುವ ಹೊತ್ತಿನಲ್ಲಿ. 2017ರಲ್ಲಿ ಎಎಂಡಿಯ ಎಎಂ4 ಬೋರ್ಡು ಕೊಂಡವರು ಬಯಾಸ್ ಅಪ್‌ಡೇಟ್ ಮಾಡಿಕೊಂಡು 2022ರ ರೈಜನ್ 7 5800ಎಕ್ಸ್3ಡಿಯನ್ನು ಅದೇ ಬೋರ್ಡಿನಲ್ಲಿ ಕೂರಿಸಿದರು. ಐದು ವರ್ಷದ ಬಾಳಿಕೆ ಅದು. ಸಾಕೆಟ್ಟಿನ ಕೊನೆಯ ದಿನಗಳಲ್ಲಿ ಬೋರ್ಡು ಕೊಂಡವರಿಗೆ ಆ ಭಾಗ್ಯವಿಲ್ಲ. ಇದನ್ನು ವಿಚಾರಿಸಿ, ಉಳಿದಂತೆ ಕೆಲಸಕ್ಕೆ ಬೇಕಾದಾಗ ಕೊಳ್ಳಿ. ರ‍್ಯಾಮ್ ದುಬಾರಿ ಎನಿಸಿದರೆ ಸದ್ಯಕ್ಕೆ ಒಂದೇ ಕಡ್ಡಿ ಹಾಕಿ, ಪಕ್ಕದ ಸ್ಲಾಟನ್ನು ಖಾಲಿ ಬಿಡಿ. ವೇಗ ಸ್ವಲ್ಪ ತಗ್ಗುತ್ತದೆ, ಆದರೆ ಕೆಲಸ ನಿಲ್ಲುವುದಿಲ್ಲ.

ಇನ್ನೊಂದು ಮಾತು, ವಿಶೇಷವಾಗಿ ಸಂಬಳದಲ್ಲಿ ಉಳಿಸಿ ತಿಂಗಳಿಗೊಂದು ಭಾಗ ಕೊಳ್ಳುವ ಯೋಚನೆಯಲ್ಲಿರುವವರಿಗೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರೊಸೆಸರು, ರ‍್ಯಾಮು ಇಲ್ಲದೆ ಮದರ್‌ಬೋರ್ಡ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪರೀಕ್ಷಿಸಲಾಗದು. ಅಂಗಡಿಯವರು ಮಾಲು ಬದಲಿಸಿ ಕೊಡುವುದು ಕೆಲವೇ ದಿನ. ಕೊನೆಯ ಭಾಗ ಕೈಗೆ ಬರುವ ಹೊತ್ತಿಗೆ ಮೊದಲನೆಯದರ ಗಡುವು ಮುಗಿದು, ದೋಷ ಕಂಡರೆ ಸರ್ವಿಸ್ ಸೆಂಟರಿಗೆ ಅಲೆಯಬೇಕಾಗುತ್ತದೆ. ದುಡ್ಡು ಪೂರ್ತಿ ಕೂಡಿಸಿಕೊಂಡು ಒಂದೇ ದಿನ ಹೋಗಿ, ಎಲ್ಲವನ್ನೂ ಒಟ್ಟಿಗೆ ಕೊಳ್ಳಿ, ಬಿಲ್ಲು ಪಡೆಯಿರಿ, ಅದೇ ವಾರ ಜೋಡಿಸಿ ನೋಡಿ.